ಸೈನೈಡ್ ಗುಡ್ಡದ ಮಣ್ಣು: ಕೈಯಂತ್ರ, ಆಮ್ಲ ಪರೀಕ್ಷೆ, ಮಳೆನೀರಿನ ಪರೀಕ್ಷೆ

ಚಿನ್ನದ ಅದಿರನ್ನು ಅರೆದು ಸೈನೈಡ್ ದ್ರಾವಣದಲ್ಲಿ ತೊಳೆದ ಮೇಲೆ ಉಳಿಯುವ ನುಣ್ಣನೆಯ ಬೂದುಮಣ್ಣಿನ ರಾಶಿಯನ್ನು ಕೋಲಾರದ ಕಡೆಯವರಂತೆ ನಾವೂ ಸೈನೈಡ್ ಗುಡ್ಡವೆಂದೇ ಕರೆಯುತ್ತೇವೆ. ರಾಮಗಿರಿ ಸುತ್ತಿನ ಶಿಲಾಪಟ್ಟಿಯಲ್ಲಿ ಚಿನ್ನ ತೆಗೆದ ಅನಂತಪುರ ಸೀಮೆಗೆ ಇಂಥ ರಾಶಿ ಅಪರಿಚಿತವಲ್ಲ. ಗಿರಣಿ ನಿಂತು ಎಷ್ಟೋ ವರ್ಷಗಳಾದ ಒಂದು ಜಾಗದ ಕೆಳಗೆ ಹೊಲ, ಬಾವಿ ಇರುವ ಕನ್ನಡದ ರೈತರು ಈ ನೀರನ್ನು ಕುಡಿಯಬಹುದೇ ಎಂದು ಕೇಳಿದಾಗ, ಅದೇ ನೆಲದ ಮಣ್ಣನ್ನು ನಮ್ಮ ಗುಂಪು ಮೂರು ಬಗೆಯಲ್ಲಿ ಪರೀಕ್ಷಿಸಿ ನೋಡಿತು. ಮೇಲ್ಪದರದ ಸೈನೈಡ್ ಬಿಸಿಲಿಗೂ ಗಾಳಿಗೂ ಬಹುಮಟ್ಟಿಗೆ ಒಡೆದುಹೋಗುತ್ತದೆ. ಆದರೆ ಅದಿರಿನಲ್ಲಿ ಆರ್ಸೆನೊಪೈರೈಟ್ ಎಂಬ, ಕಬ್ಬಿಣ, ಗಂಧಕಗಳ ಜೊತೆ ಆರ್ಸೆನಿಕ್ ಇರುವ ಖನಿಜವಿದ್ದರೆ, ಆ ಆರ್ಸೆನಿಕ್ ಸೈನೈಡ್‌ನಂತೆ ಒಡೆದು ಮಾಯವಾಗುವುದಿಲ್ಲ. ನಮ್ಮ ಕಾಳಜಿಯೂ ಮುಖ್ಯವಾಗಿ ಅದರ ಬಗ್ಗೆಯೇ ಇತ್ತು.

ಮೊದಲನೆಯದು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ. ಎಕ್ಸ್ ಕಿರಣ ತಾಗಿದ ಧಾತುಗಳು ತಮ್ಮದೇ ಶಕ್ತಿಯ ಕಿರಣಗಳನ್ನು ಹೊರಸೂಸುವುದನ್ನು ಅಳೆದು, ಒಂದೆರಡು ನಿಮಿಷದಲ್ಲಿ ಅದು ಅಂಕಿ ತೋರಿಸುತ್ತದೆ. ಗುಡ್ಡದ ಬುಡದಿಂದ ಹಳ್ಳದವರೆಗೆ ಚೌಕಳಿ ಹಾಕಿಕೊಂಡು ನಡೆಯುತ್ತಾ ಹೋದರೆ, ಮಣ್ಣು ಯಾವ ದಾರಿಯಲ್ಲಿ ಕೊಚ್ಚಿಹೋಗಿದೆ ಎಂಬ ನಕ್ಷೆ ಸಂಜೆಯೊಳಗೆ ಸಿದ್ಧವಾಗುತ್ತದೆ. ಬೇರೆ ಯಾವ ವಿಧಾನವೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಜಾಗಗಳನ್ನು ನೋಡಲಾರದು. ಆದರೆ ಅದರ ಮಿತಿಗಳನ್ನು ತಿಳಿಯದೆ ಅಂಕಿಯನ್ನು ನಂಬಬಾರದು. ಮಣ್ಣಿನ ತೇವ ಶೇಕಡಾ 20ನ್ನು ಮೀರಿದರೆ ಅಳತೆ ಕೆಡುತ್ತದೆ. ಒಣಗಿಸಿ, ಜರಡಿ ಹಿಡಿದು ನೋಡಿದ ಮಣ್ಣಿನ ಅಂಕಿಯೇ ಮೇಲು. ಇದಕ್ಕಿಂತ ಗಂಭೀರವಾದ ತೊಡಕೆಂದರೆ, ಸೀಸ ಮತ್ತು ಆರ್ಸೆನಿಕ್‌ಗಳ ಮುಖ್ಯ ಕಿರಣಗಳೆರಡೂ 10.5 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಹೀಗಾಗಿ ಸೀಸ ಆರ್ಸೆನಿಕ್‌ಗಿಂತ ಬಹಳ ಪಟ್ಟು ಹೆಚ್ಚಿರುವ ಕಡೆ ಆರ್ಸೆನಿಕ್ ಎಷ್ಟಿದೆ ಎಂದು ಯಂತ್ರ ಸರಿಯಾಗಿ ಹೇಳಲಾರದು.

ಎರಡನೆಯದು, ಮಣ್ಣನ್ನು ಕಾಯಿಸಿದ ಆಮ್ಲದಲ್ಲಿ ಕರಗಿಸಿ ಧಾತುಗಳ ಅತಿ ಸಣ್ಣ ಪ್ರಮಾಣವನ್ನೂ ಗುರುತಿಸುವ ಐಸಿಪಿ-ಎಂಎಸ್ ಉಪಕರಣದಲ್ಲಿ ಅಳೆಯುವ ಪ್ರಯೋಗಾಲಯದ ವಿಧಾನ. ಅಂಕಿ ಗಟ್ಟಿಯಾದದ್ದು, ಕಾಯುವ ಕಾಲವೂ ಖರ್ಚೂ ಹೆಚ್ಚು. ಕೈಯಂತ್ರ ತೋರಿಸಿದ ಜಾಗಗಳಿಂದ ಆಯ್ದ ಕೆಲವೇ ಮಾದರಿಗಳನ್ನು ಇದಕ್ಕೆ ಕಳುಹಿಸಿದರೆ ಸಾಕು.

ಈ ಎರಡೂ ಮಣ್ಣಿನಲ್ಲಿ ಒಟ್ಟು ಎಷ್ಟಿದೆ ಎಂಬುದನ್ನು ಮಾತ್ರ ಹೇಳುತ್ತವೆ. ರೈತರು ಕೇಳಿದ್ದು ಬಾವಿಯ ನೀರನ್ನು ಕುರಿತು. ಅದಕ್ಕೆ ಹತ್ತಿರವಾದ ಉತ್ತರ ಸಿಕ್ಕಿದ್ದು ಮೂರನೆಯದರಿಂದ, ಅಂದರೆ ಮಣ್ಣನ್ನು ಅದರ 20 ಪಟ್ಟು ತೂಕದ ದ್ರವದೊಂದಿಗೆ ಸುಮಾರು 18 ತಾಸು ಉರುಳಿಸಿ, ಸೋಸಿ, ಮಣ್ಣು ದ್ರವಕ್ಕೆ ಬಿಟ್ಟುಕೊಟ್ಟದ್ದನ್ನು ಅಳೆಯುವ ಪರೀಕ್ಷೆಯಿಂದ. ಇದರಲ್ಲಿಯೂ ಎರಡು ಪೈಪೋಟಿಯ ವಿಧಾನಗಳಿವೆ. ಎಲ್ಲರೂ ಮೊದಲು ಸೂಚಿಸುವ ಟಿಸಿಎಲ್‌ಪಿ ಪರೀಕ್ಷೆ ಅಸೆಟಿಕ್ ಆಮ್ಲವನ್ನು ಬಳಸುತ್ತದೆ, ಏಕೆಂದರೆ ಅದು ಊರಿನ ಕಸದ ಗುಂಡಿಯ ಸ್ಥಿತಿಯನ್ನು ಅನುಕರಿಸಲು ರೂಪುಗೊಂಡದ್ದು. ಎಸ್‌ಪಿಎಲ್‌ಪಿ ಪರೀಕ್ಷೆಯ ದ್ರವವಾದರೋ ಗಂಧಕಾಮ್ಲ, ನೈಟ್ರಿಕ್ ಆಮ್ಲಗಳ ಹನಿ ಬೆರೆಸಿದ, ಮಳೆಯನ್ನು ಹೋಲುವ ನೀರು. ಬಯಲಿನಲ್ಲಿ ಬಿದ್ದಿರುವ ಗುಡ್ಡಕ್ಕೆ ಎರಡನೆಯದೇ ತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಸೈನೈಡ್ ವಿಷಾನಿಲವಾಗಿ ಏಳದಿರಲೆಂದು ಗಿರಣಿಗಳಲ್ಲಿ ಸುಣ್ಣ ಬೆರೆಸುತ್ತಿದ್ದರು. ಅಂಥ ಕ್ಷಾರ ಸ್ಥಿತಿಯಲ್ಲಿ ಆರ್ಸೆನಿಕ್ ಸುಲಭವಾಗಿ ನೀರಿಗಿಳಿಯುತ್ತದೆ, ಆಮ್ಲ ಹಾಕಿದ ಪರೀಕ್ಷೆಯಲ್ಲಿ ಅದು ಮರೆಯಾಗಿ ಉಳಿದುಬಿಡಬಹುದು. ಸೀಸದಂಥ ಲೋಹಗಳ ವಿಷಯ ಇದಕ್ಕೆ ತದ್ವಿರುದ್ಧ.

ಬಾವಿಯ ನೀರನ್ನಂತೂ ನೇರವಾಗಿಯೇ ನೋಡಬೇಕು. ಬಣ್ಣ ತಿರುಗುವ ಕಾಗದದ ಆರ್ಸೆನಿಕ್ ಕಿಟ್ ಊರಿನವರ ಕಣ್ಣೆದುರೇ ಫಲ ತೋರಿಸುವುದರಿಂದ ಅವರಿಗೆ ನಂಬಿಕೆ ಹುಟ್ಟಿಸುತ್ತದೆ. ಆದರೆ ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಒಪ್ಪುವ ಮಟ್ಟ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ಆ ಮಟ್ಟದಲ್ಲಿ ಕಾಗದದ ತಿಳಿಹಳದಿಯನ್ನು ಕಣ್ಣಳತೆಯಲ್ಲಿ ತೀರ್ಮಾನಿಸುವುದು ಸರಿಯಲ್ಲ. ಪ್ರಯೋಗಾಲಯಕ್ಕೆ ಕಳುಹಿಸುವಾಗ ಎರಡು ಬಾಟಲಿ ಬೇಕು: ಲೋಹಗಳದ್ದಕ್ಕೆ ನೈಟ್ರಿಕ್ ಆಮ್ಲ, ಸೈನೈಡ್‌ನದ್ದಕ್ಕೆ ಸೋಡಿಯಂ ಹೈಡ್ರಾಕ್ಸೈಡ್. ಇವು ಎಂದಿಗೂ ಅದಲುಬದಲಾಗಬಾರದು. ಸೈನೈಡ್ ಇರುವ ನೀರಿಗೆ ಆಮ್ಲ ಬಿದ್ದರೆ ಏಳುವ ಅನಿಲ ಪ್ರಾಣಾಂತಕ.

ಹಣ ಸ್ವಲ್ಪವೇ ಇದ್ದರೆ ನಾನು ಆಮ್ಲದಲ್ಲಿ ಕರಗಿಸುವ ಮಾದರಿಗಳನ್ನು ಕಡಿತಗೊಳಿಸಿ, ಅದೇ ಬಾವಿಗಳ ನೀರನ್ನು ಬೇಸಿಗೆಯ ಕೊನೆಗೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಮಳೆಯ ನಂತರ ಇನ್ನೊಮ್ಮೆ ಪರೀಕ್ಷಿಸಲು ಖರ್ಚು ಮಾಡುತ್ತೇನೆ. ಗುಡ್ಡಕ್ಕಿಂತ ಮೇಲಿನ ಇಳಿಜಾರಿನಿಂದಲೂ ಮಣ್ಣು, ನೀರು ತರಲೇಬೇಕು, ಏಕೆಂದರೆ ಚಿನ್ನವಿರುವ ಶಿಲೆಯಲ್ಲಿ ಆರ್ಸೆನಿಕ್ ಸಹಜವಾಗಿಯೇ ಇರಬಹುದು. ಆಷಾಢದ ಗಾಳಿಗೆ ಏಳುವ ಧೂಳನ್ನು ಈ ಯಾವ ಪರೀಕ್ಷೆಯೂ ತಾನಾಗಿ ಹಿಡಿಯುವುದಿಲ್ಲ. ಮಕ್ಕಳು ಆಡುವ ಅಂಗಳದ ಧೂಳನ್ನು ಗುಡಿಸಿ, 150 ಮೈಕ್ರಾನ್ ಜರಡಿಯಲ್ಲಿ ಇಳಿದ ನುಣುಪನ್ನು ಪ್ರತ್ಯೇಕ ಮಾದರಿಯಾಗಿ ಕಳುಹಿಸಬೇಕು. ಕೈಗೆ ಅಂಟಿ ಬಾಯಿಗೆ ಹೋಗುವುದು ಆ ನುಣುಪೇ.