ಮೂರು ಗಂಟೆಗೆ ಏನು ನೆನಪಿತ್ತು? ತಪಸ್ಸುಕಾಲದ ಪ್ರಾರ್ಥನೆ, ನಾನು ಮಾಡಿ ನೋಡಿದ ಬಗೆಗಳು

ಈಸ್ಟರ್ ಹಬ್ಬಕ್ಕೆ ಮೊದಲು ನಾವು ಕ್ರೈಸ್ತರು ಉಪವಾಸ, ಪ್ರಾರ್ಥನೆಯಲ್ಲಿ ಕಳೆಯುವ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಈ ಸಲ ಫೆಬ್ರವರಿ 18ಕ್ಕೇ ಬಂದಿದೆ. ಹೋದ ವರ್ಷ, ಅಂದರೆ 2025ರಲ್ಲಿ, ಮಾರ್ಚ್ 5ಕ್ಕೆ ಇತ್ತು. ಹದಿನೈದು ದಿನ ಬೇಗ. ಹಾಗಾಗಿ ಯಾವ ರೀತಿ ಪ್ರಾರ್ಥನೆ ಹಿಡಿಯೋದು ಅಂತ ಈಗಲೇ ತೀರ್ಮಾನ ಆಗಬೇಕು. ಹೋದ ವರ್ಷ ನಾನು ಒಂದೊಂದನ್ನೇ ಮಾಡಿ ನೋಡಿ ಲೆಕ್ಕ ಬರೆದಿಟ್ಟಿದ್ದೆ. ಆ ಲೆಕ್ಕವೇ ಇದು.

ಮೊದಲು ನನ್ನ ಪರಿಸ್ಥಿತಿ ಹೇಳಿಬಿಡ್ತೇನೆ. ಕಾರವಾರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಹಗ್ಗ, ಬಲೆಯ ಸಾಮಾನು, ದೋಣಿಗೆ ಬಳಿಯುವ ಬಣ್ಣ, ಮೊಳೆ, ಬೀಗ. ಮನೆ ಕೋಡಿಬಾಗದಲ್ಲಿ. ನಾನು ಹುಟ್ಟಿ ಬೆಳೆದದ್ದು ಶಿರಸಿಯಲ್ಲಿ, ಪ್ರಾರ್ಥನೆ ಕಲಿತದ್ದು ಕನ್ನಡದಲ್ಲಿ. ಹೆಂಡತಿ ಹೊನ್ನಾವರ ಕಡೆಯವಳು, ಅವರ ಮನೆಯದೆಲ್ಲ ಕೊಂಕಣಿ. ನಾನು ತಪಸ್ಸುಕಾಲ ಅಂದರೆ ಅವಳು ಕೊರೆಜ್ಮ ಅಂತಾಳೆ. ಜಗಳ ಇಲ್ಲ, ಎರಡೂ ನಡೆಯುತ್ತವೆ.

ಬೂದಿ ಹಚ್ಚಿಸಿಕೊಂಡ ದಿನ ಪ್ರತಿ ವರ್ಷ ನನಗೆ ಭಾರೀ ಉತ್ಸಾಹ. ಎರಡನೇ ವಾರಕ್ಕೆ ಅದು ಎಲ್ಲಿ ಹೋಗುತ್ತದೋ ಗೊತ್ತಾಗೋದಿಲ್ಲ. ನಲವತ್ತು ದಿನ ಅಂತ ಹೇಳುತ್ತೇವೆ, ಆದರೆ ಈಸ್ಟರ್ ಹಿಂದಿನ ಆರು ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ. ಕ್ಯಾಲೆಂಡರ್‌ನಲ್ಲಿ ಎಣಿಸಿದರೆ 46 ದಿನ. ಸಣ್ಣ ಅವಧಿ ಅಲ್ಲ.

ಹಾಗಾಗಿ ಒಂದು ಪರೀಕ್ಷೆ ಇಟ್ಟುಕೊಂಡೆ. ಮಧ್ಯಾಹ್ನ ಮೂರು ಗಂಟೆಗೆ ಮೊಬೈಲಿನಲ್ಲಿ ಅಲಾರಂ. ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಹೊತ್ತು ಅದು. ನನ್ನ ಅಂಗಡಿಗೆ ಗಿರಾಕಿ ಬರದ ಹೊತ್ತೂ ಅದೇ. ಅಲಾರಂ ಹೊಡೆದ ಕೂಡಲೇ ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬೆಳಗಿನ ವಾಕ್ಯ ಯಾವುದು, ಅದರಿಂದ ಏನು ನೆನಪಿದೆ ಅಂತ ಒಂದು ಸಾಲು ಬರೆಯಬೇಕು. ನೆನಪಾಗದಿದ್ದರೆ ಸೊನ್ನೆ. ಮೋಸ ಇಲ್ಲ.

ಮೊದಲ ಹತ್ತು ದಿನ, ಅಂದರೆ ಮಾರ್ಚ್ 5ರಿಂದ 15ರವರೆಗೆ ಭಾನುವಾರ ಬಿಟ್ಟು, ವಾಟ್ಸಾಪ್ ಆಡಿಯೊ. ದಿನಾ ಬೆಳಿಗ್ಗೆ ಐದೂವರೆಗೆ ಒಂದು ಗುಂಪಿನಲ್ಲಿ ಬರುತ್ತಿತ್ತು. ಆ ದಿನದ ಶುಭಸಂದೇಶ (ಬೈಬಲ್‌ನಲ್ಲಿ ಯೇಸುವಿನ ಕಥೆ ಇರುವ ಭಾಗ), ಮೇಲೊಂದು ನಾಲ್ಕು ನಿಮಿಷದ ಚಿಂತನೆ, ಕೊನೆಗೆ ಪ್ರಾರ್ಥನೆ. ಮಾತಾಡುವವರ ದನಿ ಚೆನ್ನಾಗಿತ್ತು. ವಿಷಯವೂ ಚೆನ್ನಾಗಿತ್ತು. ನಾನು ಹಲ್ಲುಜ್ಜುತ್ತ ಕೇಳುತ್ತಿದ್ದೆ, ಅಂಗಡಿ ಶಟರ್ ಎತ್ತುವ ಮೊದಲು ಇನ್ನೊಮ್ಮೆ ಕೇಳುತ್ತಿದ್ದೆ. ಹತ್ತರಲ್ಲಿ ನೆನಪಿದ್ದದ್ದು ಮೂರು.

ಯಾಕೆ ಅಂತ ಯೋಚಿಸಿದೆ. ಆಡಿಯೊ ಮುಗಿದ ಕೂಡಲೇ ಅದರ ಕೆಳಗೆ ಗುಲಾಬಿ ಹೂವಿನ ಶುಭೋದಯ, ಅದರ ಕೆಳಗೆ ಯಾರದೋ ಮದುವೆ ಫೋಟೊ, ಅದರ ಕೆಳಗೆ ಬಂಗಡೆ ರೇಟು. ಬೆರಳು ತಾನಾಗಿ ಕೆಳಗೆ ಹೋಗುತ್ತದೆ. ಇನ್ನೊಂದು ವಿಷಯ: ಬೇರೆಯವರು ನನ್ನ ಪರವಾಗಿ ಯೋಚನೆ ಮಾಡಿಕೊಟ್ಟಿದ್ದರು, ನನಗೆ ಕೆಲಸವೇ ಇರಲಿಲ್ಲ. ಆದರೂ ಇದನ್ನು ಬೈಯುವುದಿಲ್ಲ. ಕಣ್ಣು ಕಾಣದ ನಮ್ಮ ಪಕ್ಕದ ಮನೆ ಅಜ್ಜಿಗೆ ಅದೇ ಆಡಿಯೊ ದೊಡ್ಡ ಆಸರೆ. ಅವರು ಒಂದೇ ಆಡಿಯೊ ನಾಲ್ಕು ಸಲ ಹಾಕಿಸಿಕೊಂಡು ಕೇಳುತ್ತಾರೆ, ಮಧ್ಯೆ ಬಂಗಡೆ ರೇಟು ಬರೋದಿಲ್ಲ.

ಮಾರ್ಚ್ 17ರ ಸೋಮವಾರದಿಂದ ಬೈಬಲ್ ಮತ್ತು ನೋಟ್‌ಬುಕ್. ಇನ್ನೂರು ಪುಟದ ಶಾಲೆ ನೋಟ್‌ಬುಕ್, ಮಗನ ಕಪಾಟಿನಿಂದ ತೆಗೆದದ್ದು. ಪದ್ಧತಿ ನನ್ನದಲ್ಲ, ತುಂಬಾ ಹಳೆಯದು. ಹನ್ನೆರಡನೇ ಶತಮಾನದ ಫ್ರಾನ್ಸಿನ, ಕಾರ್ಥೂಸಿಯನ್ ಅನ್ನುವ ಸಂಘದ ಸನ್ಯಾಸಿ ಎರಡನೇ ಗ್ವೀಗೋ ಇದನ್ನು ನಾಲ್ಕು ಮೆಟ್ಟಿಲಿನ ಏಣಿ ಅಂತ ವಿವರಿಸಿದ್ದರು. ಓದು, ಮೆಲುಕು, ಪ್ರಾರ್ಥನೆ, ಮೌನ. ಊಟದ ಹೋಲಿಕೆಯನ್ನೂ ಅವರೇ ಕೊಟ್ಟಿದ್ದಾರೆ. ಓದು ಅಂದರೆ ತುತ್ತು ಬಾಯಿಗೆ ಹಾಕಿಕೊಳ್ಳೋದು, ಎರಡನೆಯದು ಅಗಿಯೋದು, ಆಮೇಲೆ ರುಚಿ. ಶಿರಸಿಯಲ್ಲಿ ಕೊಟ್ಟಿಗೆ ಇದ್ದ ಮನೆಗಳ ನಡುವೆ ಬೆಳೆದವನಿಗೆ ಮೆಲುಕು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ದಿನವೇ ಸಿಕ್ಕಿಬಿದ್ದೆ. ಅವತ್ತಿನ ವಾಚನ ಲೂಕ 6ನೇ ಅಧ್ಯಾಯ, 36ರಿಂದ 38. ಕೊಡಿ, ನಿಮಗೂ ಕೊಡಲಾಗುವುದು, ಜಡಿದು ಅಲುಗಾಡಿಸಿ ಹೊರಚೆಲ್ಲುವ ಹಾಗೆ ತುಂಬಿ ಮಡಿಲಿಗೆ ಹಾಕುತ್ತಾರೆ, ನೀವು ಯಾವ ಅಳತೆಯಲ್ಲಿ ಅಳೆಯುತ್ತೀರೋ ಅದೇ ಅಳತೆಯಲ್ಲಿ ನಿಮಗೂ ಅಳೆಯುತ್ತಾರೆ ಅನ್ನುವ ಮಾತು. ನಾನು ಮೊದಲು ಬರೆದದ್ದು ನಮ್ಮಮ್ಮ ಅಕ್ಕಿ ಸಾಲ ಕೊಡುವಾಗ ಅಳೆಯುವ ಸಿದ್ದೆಯನ್ನು ಗೋಪುರದ ಹಾಗೆ ತುಂಬುತ್ತಿದ್ದದ್ದು. ಚೆಂದದ ನೆನಪು. ಅರ್ಧ ಪುಟ ತುಂಬಿತು. ಅಲ್ಲಿಗೇ ಪೆನ್ನು ಮುಚ್ಚಿದ್ದರೆ ಸುಖವಾಗಿ ಇರುತ್ತಿದ್ದೆ.

ಆದರೆ ಪದ್ಧತಿ ಪ್ರಕಾರ ಎರಡನೇ ಸಲ ಓದಬೇಕು. ಓದಿದೆ. ಅಳತೆ ಅನ್ನುವ ಪದದ ಹತ್ತಿರ ನಿಂತುಬಿಟ್ಟೆ.

ನನ್ನ ಅಂಗಡಿ ಗಲ್ಲೆಯ ಪಕ್ಕದ ಮರದ ಮೇಜಿನ ಮೇಲೆ ಎರಡು ಮೊಳೆ ಇವೆ. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಮೀಟರ್. ದಪ್ಪ ಹಗ್ಗ ಕಿಲೋ ಲೆಕ್ಕ, ತೂಕದ ಯಂತ್ರ ಸುಳ್ಳು ಹೇಳೋದಿಲ್ಲ. ತೆಳು ನೈಲಾನ್ ಹಗ್ಗ ಮಾತ್ರ ಮೀಟರ್ ಲೆಕ್ಕ. ನೈಲಾನ್ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಬಿಗಿಯಾಗಿ ಎಳೆದು ಅಳೆದರೆ ಇಪ್ಪತ್ತು ಮೀಟರ್ ಕೊಟ್ಟಾಗ ನನಗೆ ಒಂದು ಗೇಣು ಉಳಿಯುತ್ತದೆ. ಮೊಳೆ ಸರಿ ಇದೆ, ಎಣಿಕೆ ಸರಿ ಇದೆ, ಯಾರೂ ಬೆರಳು ತೋರಿಸೋ ಹಾಗಿಲ್ಲ. ಅಪ್ಪನಿಂದ ಕಲಿತದ್ದಲ್ಲ, ಯಾರೂ ಹೇಳಿಕೊಟ್ಟದ್ದೂ ಅಲ್ಲ. ಕೈಗೆ ತಾನಾಗಿ ಬಂದುಬಿಟ್ಟಿತ್ತು.

ಅವತ್ತು ಮಧ್ಯಾಹ್ನ ಮೂರಕ್ಕೆ ಅಲಾರಂ ಬೇಕಾಗಲೇ ಇಲ್ಲ. ಬೆಳಗಿನಿಂದ ಆ ಮೊಳೆ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಮರುದಿನದಿಂದ ಹಗ್ಗ ಸಡಿಲ ಬಿಟ್ಟು ಅಳೆಯೋಕೆ ಶುರು ಮಾಡಿದೆ. ಬೈತಖೋಲ ಬಂದರಿನ ಒಬ್ಬ ಹಳೆ ಗಿರಾಕಿ ನೋಡುತ್ತ ನಿಂತಿದ್ದವನು ನಕ್ಕು, "ಏನ್ ಸಾವ್ಕಾರ್ರೇ, ಇವತ್ತು ಹಗ್ಗ ಎಳಿಯೋಕೆ ಶಕ್ತಿ ಇಲ್ವಾ ನಿಮ್ಗೆ?" ಅಂದ. ಅಂದರೆ ಅವನಿಗೆ ಇಷ್ಟು ವರ್ಷವೂ ಗೊತ್ತಿತ್ತು! ನನಗೆ ಏನು ಉತ್ತರ ಕೊಡಬೇಕು ಅಂತ ತಿಳಿಯಲಿಲ್ಲ. ಉಪವಾಸ ಅಂದೆ.

ನೋಟ್‌ಬುಕ್ಕಿನ ಲೆಕ್ಕ ಹೀಗಿದೆ. ಹನ್ನೆರಡು ದಿನದಲ್ಲಿ ಎರಡು ದಿನ ಕೂತುಕೊಳ್ಳಲೇ ಇಲ್ಲ. ಕೂತ ಹತ್ತರಲ್ಲಿ ಎಂಟು ದಿನ ಮೂರು ಗಂಟೆಗೆ ನೆನಪಿತ್ತು. ದಿನಕ್ಕೆ ಇಪ್ಪತ್ತೈದು ನಿಮಿಷ ಬೇಕು, ಅದೂ ಮನೆಯವರು ಏಳುವ ಮೊದಲು. ದೋಷವೂ ಇದೆ. ಬರೆಯೋದು ಅಭ್ಯಾಸ ಆದ ಮೇಲೆ ನಾನು ದೇವರಿಗಿಂತ ಜಾಸ್ತಿ ನನ್ನ ಬಗ್ಗೆಯೇ ಬರೆಯುತ್ತಿದ್ದೆ. ಎರಡನೇ ವಾರದ ಪುಟಗಳನ್ನು ಈಗ ಓದಿದರೆ ಸ್ವಲ್ಪ ನಾಚಿಕೆ ಆಗುತ್ತದೆ. ಮೌನ ಅನ್ನುವ ನಾಲ್ಕನೇ ಮೆಟ್ಟಿಲಿಗೆ ನಾನು ಹತ್ತಿದ್ದೇ ಇಲ್ಲ, ಸೊಳ್ಳೆ ಬಿಡಲಿಲ್ಲ.

ಮಾರ್ಚ್ 31ರಿಂದ ಏಪ್ರಿಲ್ 12ರವರೆಗೆ ಚರ್ಚಿನಲ್ಲಿ ಬೆಳಗಿನ ಬಲಿಪೂಜೆ. ಸೈಕಲ್ಲಿನಲ್ಲಿ ಹೋಗಿ ಬರೋದು ಸೇರಿ ಒಂದು ಗಂಟೆ. ಹನ್ನೆರಡರಲ್ಲಿ ಒಂಬತ್ತು ದಿನ ಹೋದೆ, ನೆನಪಿದ್ದದ್ದು ನಾಲ್ಕು. ಇದನ್ನು ನೋಡಿ ಪೂಜೆ ಸೋತಿತು ಅಂತ ಹೇಳಿದರೆ ಅನ್ಯಾಯ. ತಪಸ್ಸುಕಾಲದ ನಾಲ್ಕನೇ ವಾರದ ಸೋಮವಾರದಿಂದ ವಾರದ ದಿನಗಳಲ್ಲಿ ಯೊವಾನ್ನರ ಶುಭಸಂದೇಶ ಓದುತ್ತಾರೆ. ಯೇಸುವಿಗೂ ಯೆಹೂದ್ಯ ಮುಖಂಡರಿಗೂ ನಡೆದ ಉದ್ದುದ್ದ ವಾದಗಳೇ ಅದರಲ್ಲಿ ಜಾಸ್ತಿ. ಕಥೆ ಕಡಿಮೆ. ನೆನಪಿಡೋದು ಕಷ್ಟ. ನೋಟ್‌ಬುಕ್ ವಾರಗಳಿಗೆ ಸಿಕ್ಕಿದ್ದು ಐಶ್ವರ್ಯವಂತ ಮತ್ತು ಲಾಜರ, ದುಂದುಗಾರ ಮಗ ಇಂಥವು. ಮರೆಯೋಕೆ ಸಾಧ್ಯವಾ? ಪೂಜೆಯ ಪಾಲಿಗೆ ಬಂದ ಒಳ್ಳೆಯ ಕಥೆ ಅಂದರೆ ಏಪ್ರಿಲ್ 1ರದ್ದು, 38 ವರ್ಷದಿಂದ ಕೊಳದ ದಂಡೆಯಲ್ಲಿ ಮಲಗಿದ್ದ ರೋಗಿಯದು. ಗುಣ ಆಗಬೇಕಾ ಅಂತ ಯೇಸು ಕೇಳಿದರೆ ಅವನು ಹೌದು ಅನ್ನೋದಿಲ್ಲ. ನನ್ನನ್ನು ಇಳಿಸೋಕೆ ಯಾರೂ ಇಲ್ಲ ಅಂತ ದೂರು ಹೇಳುತ್ತಾನೆ. ಅದನ್ನು ಮೂರು ಗಂಟೆಗೆ ಮಾತ್ರ ಅಲ್ಲ, ಇವತ್ತಿಗೂ ಮರೆತಿಲ್ಲ.

ಪೂಜೆಯಲ್ಲಿ ಸಿಗುವ ಬೇರೆ ಒಂದು ಲಾಭ ನನ್ನ ಲೆಕ್ಕದ ಹಾಳೆಯಲ್ಲಿ ಬರೋದಿಲ್ಲ. ನನಗೆ ಮನಸ್ಸಿಲ್ಲದ ದಿನವೂ ಅಲ್ಲಿ ಪ್ರಾರ್ಥನೆ ನಡೆದೇ ನಡೆಯುತ್ತದೆ. ಮೂರನೇ ಬೆಂಚಿನಲ್ಲಿ ಕೂರುವ ಮೀನು ಮಾರುವ ಹೆಂಗಸೊಬ್ಬರು ಬುಟ್ಟಿ ಹೊರಗೆ ಇಟ್ಟು ಬರುತ್ತಾರೆ, ಪ್ರಸಾದ ತೆಗೆದುಕೊಂಡು ಸೀದಾ ಮಾರ್ಕೆಟ್ಟಿಗೆ. ನಾನು ಬಾರದ ದಿನ ಮರುದಿನ ಕಣ್ಣಲ್ಲೇ ಕೇಳುತ್ತಿದ್ದರು. ನೋಟ್‌ಬುಕ್ ಹಾಗೆ ಕೇಳೋದಿಲ್ಲ.

ಸಂಜೆಯ ಜಪಸರ ಇವೆಲ್ಲದರ ಜೊತೆಗೇ ನಡೆದಿತ್ತು, ಅದು ನನ್ನ ಆಯ್ಕೆ ಅಲ್ಲ. ಅತ್ತೆ ನಮ್ಮ ಮನೆಯಲ್ಲೇ ಇದ್ದಾರೆ. ಜಪಸರಕ್ಕೆ ಕೊಂಕಣಿಯಲ್ಲಿ ತೇರ್ಸ್ ಅಂತಾರೆ, ಏಳೂವರೆಗೆ ತೇರ್ಸ್ ಅಂದರೆ ತೇರ್ಸ್. ಕೊರೆಜ್ಮ ಬಂದರೆ ದಿನಾ ದುಃಖದ ರಹಸ್ಯಗಳೇ, ಅಂದರೆ ಯೇಸುವಿನ ಯಾತನೆಯ ಘಟನೆಗಳನ್ನು ನೆನೆಯೋದು. "ನಮಾನ್ ಮರಿಯೆ" ಅಂತ ಮಾತೆ ಮರಿಯಳ ಪ್ರಾರ್ಥನೆಯನ್ನು ಅವರು ಶುರು ಮಾಡುತ್ತಾರೆ, ಉಳಿದ ಅರ್ಧ ನಾವು ಹೇಳಬೇಕು. ಒಂದೊಂದು ರಹಸ್ಯಕ್ಕೂ ಹತ್ತು ಸಲ. ಇದಕ್ಕೆ ಮೂರು ಗಂಟೆ ಪರೀಕ್ಷೆ ಹೊಂದೋದೇ ಇಲ್ಲ, ಯಾಕೆಂದರೆ ದಿನಾ ಅದೇ ಮಾತು, ನೆನಪಿಡೋಕೆ ಹೊಸದೇನಿದೆ? ಒಂದು ದಿನ ಹತ್ತರ ಬದಲು ಹನ್ನೊಂದು ಆಯಿತು ಅಂತ ಮಗ ತಕರಾರು ತೆಗೆದ. ಅತ್ತೆ ನಿಲ್ಲಿಸದೆ, "ಒಂದು ಜಾಸ್ತಿ ಆದ್ರೆ ಮಾತೆ ವಾಪಸ್ ಕೊಡ್ತಾಳೆನೋ, ಸುಮ್ನೆ ಹೇಳು" ಅಂದರು. ಸಡಿಲ ಅಳತೆ ಅಂದರೆ ಅದೇ ಅಲ್ವಾ? ಅವರಿಗೆ ನನ್ನ ಹಗ್ಗದ ಕಥೆ ಗೊತ್ತೂ ಇರಲಿಲ್ಲ.

ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶುಕ್ರವಾರದ ಶಿಲುಬೆ ಹಾದಿಯ ಬಗ್ಗೆ ಎರಡೇ ಮಾತು. ಹದಿನಾಲ್ಕು ಸ್ಥಳ, ಪ್ರತಿ ಸ್ಥಳಕ್ಕೂ ಮೊಣಕಾಲೂರಬೇಕು. ಪ್ರತಿ ವರ್ಷ ಅದೇ ಪುಸ್ತಕ, ಅದೇ ವಾಕ್ಯ, ಕಿವಿ ಮುಚ್ಚಿಕೊಂಡುಬಿಡುತ್ತದೆ. ಮೊಣಕಾಲಿಗೆ ಮಾತ್ರ ಪ್ರತಿ ಸಲ ಹೊಸದು. ಒಂಬತ್ತನೇ ಸ್ಥಳದಲ್ಲಿ ಯೇಸು ಮೂರನೇ ಸಲ ಬೀಳುವ ಹೊತ್ತಿಗೆ ನನಗೆ ಎದ್ದು ನಿಲ್ಲೋಕೆ ಬೆಂಚು ಹಿಡಿಯಬೇಕು.

ಶುಕ್ರವಾರ ಅಂದಾಗ ಊಟದ ಮಾತೂ ಬರುತ್ತದೆ. ನಿಯಮದಲ್ಲಿ ಮಾಂಸ ಬೇಡ, ಮೀನು ಆಗಬಹುದು. ಬೇರೆ ಊರಿನವರಿಗೆ ಇದು ತ್ಯಾಗ ಇರಬಹುದು. ಕಾರವಾರದವನಿಗೆ ಕೋಳಿ ಬಿಟ್ಟು ಇಸ್ವಾಣ ಮೀನು ತಿನ್ನು ಅಂದರೆ ಅದು ಹಬ್ಬ! ನಮ್ಮ ಮನೆಯಲ್ಲಿ ಅತ್ತೆ ಈ ರಿಯಾಯಿತಿ ಒಪ್ಪೋದಿಲ್ಲ. ಶುಕ್ರವಾರ ರಾತ್ರಿ ಪೇಜ್ (ಗಂಜಿ), ಉಪ್ಪಿನಕಾಯಿ, ಮುಗಿಯಿತು. ಪಕ್ಕದ ಮನೆಯಿಂದ ಬಂಗಡೆ ಹುರಿದ ವಾಸನೆ ಬರುವಾಗ ತೇರ್ಸ್ ಹೇಳೋದು ಇದೆಯಲ್ಲ, ಅದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಕೊನೆಯದು ರಾತ್ರಿಯ ಆತ್ಮಪರಿಶೀಲನೆ. ಚಂದಾವರದ ಚರ್ಚಿನ ಹಬ್ಬಕ್ಕೆ ಡಿಸೆಂಬರ್ 3ಕ್ಕೆ ಹೋಗುವ ನಮಗೆ ಸಂತ ಫ್ರಾನ್ಸಿಸ್ ಝೇವಿಯರ್ ಗೊತ್ತು. ಅವರ ಜೊತೆಗಾರ ಸಂತ ಇಗ್ನೇಷಿಯಸ್ ಕಲಿಸಿದ ಐದು ಹೆಜ್ಜೆಯ ಕ್ರಮ ಇದು. ಮೊದಲು ದೇವರಿಗೆ ಧನ್ಯವಾದ, ಬೆಳಕಿಗಾಗಿ ಬೇಡಿಕೆ, ದಿನವನ್ನು ಹಿಂದಕ್ಕೆ ನೋಡೋದು, ಕ್ಷಮೆ, ನಾಳೆಯ ನಿರ್ಧಾರ. ಈಸ್ಟರ್‌ಗೆ ಮೊದಲಿನ ಪವಿತ್ರ ವಾರದಲ್ಲಿ ಹಾಸಿಗೆಯ ಮೇಲೆ ಶುರು ಮಾಡಿದೆ. ಎರಡು ರಾತ್ರಿ ಎರಡನೇ ಹೆಜ್ಜೆಗೇ ಗೊರಕೆ. ಮೂರನೇ ರಾತ್ರಿ ಊಟ ಆದ ಮೇಲೆ ಕಾಳಿ ನದಿಯ ಸೇತುವೆ ಕಡೆ ನಡೆಯುತ್ತ ಮಾಡಿದೆ. 2024ರ ಆಗಸ್ಟ್ 7ರಂದು ಮಧ್ಯರಾತ್ರಿ ಕಳೆದ ಮೇಲೆ ಕುಸಿದುಬಿದ್ದ ಹಳೆ ಸೇತುವೆ ಇದ್ದ ಜಾಗ ನೋಡಿದರೆ ಧನ್ಯವಾದ ಹೇಳೋಕೆ ಕಾರಣ ಹುಡುಕಬೇಕಾಗಿಲ್ಲ. ಸದಾಶಿವಗಡದಿಂದ ಎಷ್ಟು ಸಲ ಅದರ ಮೇಲೆ ಸ್ಕೂಟರ್ ಓಡಿಸಿಕೊಂಡು ಬಂದಿದ್ದೇನೋ. ನಡೆದರೆ ಈ ಪದ್ಧತಿ ಗೆಲ್ಲುತ್ತದೆ, ಮಲಗಿದರೆ ಸೋಲುತ್ತದೆ.

ಯಾರಿಗೆ ಯಾವುದು ಅಂತ ಕೇಳಿದರೆ: ಬೆಳಿಗ್ಗೆ ಮನೆಯಲ್ಲಿ ಅರ್ಧ ಗಂಟೆ ಯಾರೂ ಕರೆಯದೆ ಬಿಡುತ್ತಾರಾದರೆ ನೋಟ್‌ಬುಕ್ಕೇ ಸರಿ. ಒಬ್ಬರೇ ಇರುವವರು, ಎರಡನೇ ವಾರಕ್ಕೇ ಕೈಬಿಡುವ ಸ್ವಭಾವದವರು ಪೂಜೆಗೆ ಹೋಗಿ, ಅಲ್ಲಿ ನಿಮ್ಮನ್ನು ಹುಡುಕುವ ಒಂದು ಜೋಡಿ ಕಣ್ಣು ಇರುತ್ತದೆ. ಆಡಿಯೊ ಮಾತ್ರ ಸಾಕು ಅಂದುಕೊಂಡವರು ಹತ್ತು ದಿನ ಮೂರು ಗಂಟೆ ಪರೀಕ್ಷೆ ಮಾಡಿ ನೋಡಿ. ಮನೆಯಲ್ಲಿ ನನ್ನ ಅತ್ತೆಯಂಥವರು ಇದ್ದರೆ ತೇರ್ಸ್ ಬಗ್ಗೆ ನೀವು ನಿರ್ಧಾರ ಮಾಡುವ ಪ್ರಶ್ನೆಯೇ ಬರೋದಿಲ್ಲ.

ನಾನು ಈ ಸಲ ಸೋಮವಾರದಿಂದ ಗುರುವಾರ ನೋಟ್‌ಬುಕ್, ಶುಕ್ರ ಮತ್ತು ಶನಿವಾರ ಪೂಜೆ ಅಂತ ಇಟ್ಟುಕೊಂಡಿದ್ದೇನೆ. ಬರೆಯೋದು ಐದು ಸಾಲು ಮೀರಬಾರದು. ತಪಸ್ಸುಕಾಲದ ವಾರದ ದಿನಗಳ ವಾಚನ ಪ್ರತಿ ವರ್ಷವೂ ಅದೇ ಇರುತ್ತದೆ, ಭಾನುವಾರದ್ದು ಮಾತ್ರ ಬದಲಾಗುತ್ತದೆ. ಹಾಗಾಗಿ ಅಳತೆಯ ಮಾತು ಈ ಸಲ ಮಾರ್ಚ್ 2ರ ಸೋಮವಾರ ಮತ್ತೆ ಬರುತ್ತದೆ. ಡಿಸೆಂಬರ್‌ನ ಗಿರಾಕಿ ಗಲಾಟೆಯಲ್ಲಿ ಕೈ ಮತ್ತೆ ಹಗ್ಗ ಬಿಗಿ ಎಳೆಯೋಕೆ ಶುರು ಮಾಡಿದೆ ಅಂತ ಮೊನ್ನೆ ಬೈತಖೋಲದವನೇ ಹೇಳಿದ. ಆ ಎರಡನೇ ಮೊಳೆ ಕಿತ್ತು ನಾಲ್ಕು ಬೆರಳು ಆಚೆ ಹೊಡೆಯಬೇಕು. ಬಿಗಿ ಎಳೆದರೂ ಗಿರಾಕಿಗೆ ಕಡಿಮೆ ಆಗಬಾರದು.