ಶ್ರೀಗಂಧವೋ ರಕ್ತಚಂದನವೋ? ನನ್ನ ಓಟು ರಕ್ತಚಂದನಕ್ಕೆ

ಪಾವಗಡದ ಕಡೆ ಇರುವ ನಮ್ಮ ಕಲ್ಲುಹೊಲದ ಬದುವಿನಲ್ಲಿ ಎರಡನ್ನೂ ನೆಟ್ಟಿದ್ದೇನೆ. ನನ್ನ ಹಾಗೆ ವಾರಕ್ಕೊಮ್ಮೆ ಹೊಲಕ್ಕೆ ಹೋಗುವವರಿಗೆ ರಕ್ತಚಂದನವೇ ಸರಿ.

ಇವೆರಡೂ ಅಣ್ಣತಮ್ಮಂದಿರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹತ್ತಿರದ ನೆಂಟಸ್ತಿಕೆಯೇ ಇಲ್ಲ. ಶ್ರೀಗಂಧ, ಅಂದರೆ ಸಾಂಟಲಮ್ ಆಲ್ಬಮ್, ಸಾಂಟಲೇಸಿ ಕುಟುಂಬದ್ದು. ರಕ್ತಚಂದನ, ಅಂದರೆ ಟೆರೋಕಾರ್ಪಸ್ ಸಾಂಟಲೈನಸ್, ತೊಗರಿ-ಹೊಂಗೆಗಳ ಕುಟುಂಬಕ್ಕೆ ಸೇರಿದ್ದು. ನಮ್ಮ ಹೊನ್ನೆ ಅದೇ ಕುಲದ ಮರ.

ಈ ವ್ಯತ್ಯಾಸ ಹೊಲದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಶ್ರೀಗಂಧ ಅರೆ ಪರಾವಲಂಬಿ. ಎಲೆ ಹಸಿರಾಗಿದ್ದರೂ ನೀರು, ಲವಣಕ್ಕೆ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕುತ್ತದೆ. ನಾನು ತಂದ ಪ್ಯಾಕೆಟ್‌ಗಳಲ್ಲಿ ಜೊತೆ ಗಿಡವೇ ಇರಲಿಲ್ಲ. ನರ್ಸರಿಯವರು ಅದರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಎಲೆ ಹಳದಿಯಾಗಿ ಅರ್ಧಕ್ಕರ್ಧ ಸಸಿ ಹೋದವು. ಉಳಿದವುಗಳ ಬುಡಕ್ಕೆ ತೊಗರಿ ಹಾಕಿದ ಮೇಲೆ ಚಿಗುರು ಬಂತು. ಒಂದು ಬುಡವನ್ನು ಮೆಲ್ಲಗೆ ಕೆದಕಿ ನೋಡಿದೆ. ಗಂಧದ ಬೇರಿನ ಮೇಲೆ ಗುಂಡುಸೂಜಿಯ ತಲೆಯಂಥ ಬಿಳಿ ಗಂಟುಗಳು, ತೊಗರಿ ಬೇರನ್ನು ಕಚ್ಚಿ ಹಿಡಿದಿದ್ದವು.

ಅಷ್ಟಕ್ಕೇ ಮುಗಿಯಲಿಲ್ಲ. ತೊಗರಿ ಎಷ್ಟು ದಿನ ಬದುಕೀತು? ಅದು ಒಣಗುವ ಹೊತ್ತಿಗೆ ಪಕ್ಕದಲ್ಲಿ ಹೊಂಗೆಯೋ ಹೆಬ್ಬೇವೋ ಎದ್ದು ನಿಂತಿರಬೇಕು. ಅದು ಜಾಸ್ತಿ ಬೆಳೆದು ನೆರಳು ಮಾಡಿದರೆ ಸವರಬೇಕು. ರಕ್ತಚಂದನಕ್ಕೆ ಇದ್ಯಾವುದೂ ಬೇಡ. ಮೊದಲೆರಡು ಬೇಸಿಗೆ ನೀರು ಕೊಟ್ಟೆ, ಅಷ್ಟೇ. ಒಣ ಕಲ್ಲುನೆಲ ಅದಕ್ಕೆ ತವರಿನ ನೆಲವೇ.

ತವರು ಅಂದರೆ ದಕ್ಷಿಣ ಆಂಧ್ರದ ಶೇಷಾಚಲದಂಥ ಬೆಟ್ಟಗಳು. ಕಾಡಿನಲ್ಲಿ ಅದು ಬೆಳೆಯುವ ಜಾಗವೇ ಅಷ್ಟು ಚಿಕ್ಕದು, ಕಳ್ಳಸಾಗಣೆಯ ಹೊಡೆತ ಬೇರೆ. ಹಾಗಾಗಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅದು 'ಎಂಡೇಂಜರ್ಡ್', ಅಂದರೆ ಅಳಿವಿನ ಅಪಾಯ ಹೆಚ್ಚಿರುವ ಮರ. ಕಳ್ಳತನದ ಜೊತೆಗೆ ಎಲೆ ಸಣ್ಣದಾಗಿ ಮರವೇ ಸಾಯುವ ಸ್ಪೈಕ್ ರೋಗದಿಂದಲೂ ನರಳುತ್ತಿರುವ ಶ್ರೀಗಂಧ ಅಪಾಯದಲ್ಲಿ ಒಂದು ಮೆಟ್ಟಿಲು ಕೆಳಗೆ, 'ವಲ್ನರಬಲ್'. ರಕ್ತಚಂದನ 1995ರಿಂದ ಸೈಟ್ಸ್ ಎರಡನೇ ಪಟ್ಟಿಯಲ್ಲೂ ಇದೆ; ಸೈಟ್ಸ್ ಅಂದರೆ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. ಇಂಥ ಮರ ನಮ್ಮ ಬದುವಿನಲ್ಲಿ ಬೆಳೆಯುತ್ತಿದೆ ಅನ್ನುವುದೇ ನನಗೆ ಖುಷಿ.

ಕಾನೂನು: 2001ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಜಮೀನಿನ ಶ್ರೀಗಂಧಕ್ಕೆ ರೈತನೇ ಒಡೆಯ. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

ದುಡ್ಡಿನ ಲೆಕ್ಕದಲ್ಲಿ ಶ್ರೀಗಂಧವೇ ಮುಂದೆ, ಬೇಗ ಕೈಗೆ ಬರುತ್ತದೆ. ಆದರೆ ಚೇಗು, ಅಂದರೆ ಬೆಲೆಬಾಳುವ ಒಳತಿರುಳು, ಕಟ್ಟತೊಡಗಿದ ಮೇಲೆ ತಂತಿಬೇಲಿ, ಕ್ಯಾಮೆರಾ, ರಾತ್ರಿ ಕಾವಲು ಅಂತ ಸುರಿಯಲು ನನ್ನ ಹತ್ತಿರ ದುಡ್ಡಿಲ್ಲ. ರಕ್ತಚಂದನಕ್ಕೂ ಕಳ್ಳರ ಕಾಟ ತಪ್ಪಿದ್ದಲ್ಲ, ಆದರೆ ಚೇಗು ನಿಧಾನ, ಆ ಖರ್ಚೂ ತಡವಾಗಿ ಬರುತ್ತದೆ. ಹೊಲದಲ್ಲೇ ಮನೆ ಇದ್ದವರು ಶ್ರೀಗಂಧ ಹಾಕಲಿ. ನಾನು ಈ ಮುಂಗಾರಿಗೆ ಉಳಿದ ಬದುವಿಗೆಲ್ಲ ರಕ್ತಚಂದನವನ್ನೇ ನೆಡುತ್ತೇನೆ.