ಮನೆ ಹರಾಜಾದ ಮೇಲೆ ಉಚಿತ ಕಾನೂನು ನೆರವಿಗೆ ಹೋಗಿದ್ದೆ

ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ನಾನು ಹೋಗಿದ್ದೇ ತಡವಾಗಿ. ಅಷ್ಟೊತ್ತಿಗೆ ನಮ್ಮ ಮನೆ ಹರಾಜಾಗಿ ಮೂರು ತಿಂಗಳು ಕಳೆದಿತ್ತು. ಆದರೂ ಬರೆಯುತ್ತಿದ್ದೇನೆ. ಮನೆ ಹೋಯಿತು, ಇನ್ನೇನಿದೆ ಅಂತ ಕೈಕಟ್ಟಿ ಕೂತವರು ನಮ್ಮ ಬೀದಿಯಲ್ಲೇ ಇನ್ನಿಬ್ಬರಿದ್ದಾರೆ.

ಖರ್ಚಿನ ವಿಷಯ ಮೊದಲು ಹೇಳುತ್ತೇನೆ. ಒಂದು ರೂಪಾಯಿಯೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಸಾಲದಲ್ಲಿ ನನ್ನ ಸಹಿಯೂ ಇದ್ದಿದ್ದರಿಂದ ನನ್ನ ಹೆಸರಲ್ಲೇ ಅರ್ಜಿ ಕೊಟ್ಟೆ. ಎರಡು ವಾರದಲ್ಲಿ ಒಬ್ಬರು ವಕೀಲೆಯನ್ನು ನೇಮಿಸಿದರು.

ಚೀಲದ ತುಂಬ ಇದ್ದ ಕಾಗದಗಳನ್ನು ಅವರು ಮೇಜಿನ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಜೋಡಿಸಿದರು. ಕಂತು 90 ದಿನ ನಿಂತ ಮೇಲೆ ಸಾಲ ಸುಸ್ತಿಗೆ ಬಿದ್ದಿದ್ದು, ಆಮೇಲೆ ಬಂದ 60 ದಿನದ ನೋಟಿಸ್, ಬಾಗಿಲಿಗೆ ಅಂಟಿಸಿದ ಸ್ವಾಧೀನದ ನೋಟಿಸ್, ಎರಡು ಪತ್ರಿಕೆಗಳಲ್ಲಿ ಬಂದ ಹರಾಜಿನ ಪ್ರಕಟಣೆ. ಆ 60 ದಿನದ ನೋಟಿಸನ್ನು ನನ್ನ ಯಜಮಾನರು ಒಡೆದೂ ನೋಡದೆ ಬೀರುವಿನಲ್ಲಿಟ್ಟಿದ್ದರು. ವಕೀಲೆ ಅದನ್ನು ಒಡೆದು ಪೂರ್ತಿ ಓದಿದರು. ಆಮೇಲೆ ಹೇಳಿದರು: "ಅಮ್ಮಾ, ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ ಇತ್ತು, ಅದು ದಾಟಿದೆ. ಹರಾಜಿನಲ್ಲೂ ನನಗೆ ತಪ್ಪು ಕಾಣುತ್ತಿಲ್ಲ. ಮನೆ ವಾಪಸ್ ಬರುತ್ತದೆ ಅಂತ ನಿಮಗೆ ಆಸೆ ಹುಟ್ಟಿಸಲಾರೆ." ಆವತ್ತು ಅಲ್ಲೇ ಅತ್ತುಬಿಟ್ಟೆ. ಆದರೆ ಅದಕ್ಕೂ ಮೊದಲು ಹೊರಗೆ ಒಬ್ಬರು, 40 ಸಾವಿರ ಕೊಟ್ಟರೆ ಮನೆ ಬಿಡಿಸಿಕೊಡುತ್ತೇನೆ ಅಂದಿದ್ದರು. ಈ ಹೆಣ್ಣುಮಗಳು ನಿಜ ಹೇಳಿದ್ದಕ್ಕೆ ಆ ದುಡ್ಡು ಉಳಿಯಿತು.

ಆಮೇಲೆ ಅವರು ಕೇಳಿದ ಪ್ರಶ್ನೆಯೇ ದೊಡ್ಡದು: "ಹರಾಜಿನ ಲೆಕ್ಕ ಕೊಟ್ಟಿದ್ದಾರಾ?" ಹಾಗೊಂದು ಲೆಕ್ಕ ಕೇಳಬಹುದು ಅಂತಲೇ ನಮಗೆ ಗೊತ್ತಿರಲಿಲ್ಲ. ಅಡ ಇಟ್ಟ ಆಸ್ತಿ ಮಾರಿ ಸಾಲ ವಸೂಲು ಮಾಡಿಕೊಳ್ಳಲು ಇರುವ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಮನೆ ಮಾರಿದ ದುಡ್ಡಲ್ಲಿ ಮೊದಲು ಖರ್ಚು, ಆಮೇಲೆ ಸಾಲ ಮುರಿದುಕೊಂಡು, ಉಳಿದದ್ದನ್ನು ಹಕ್ಕುಳ್ಳವರಿಗೆ ಕೊಡಬೇಕು. ನಮ್ಮ ಮನೆ 26,10,000ಕ್ಕೆ ಹೋಗಿತ್ತು. ಬಡ್ಡಿ ಸೇರಿ ಬಾಕಿ 21,86,000. ವಕೀಲೆ ಬರೆದ ಪತ್ರಕ್ಕೆ ಸಾಲ ಕೊಟ್ಟವರು ಬಾಯಿ ಬಿಡಲು ಎರಡು ತಿಂಗಳು ಹಿಡಿಯಿತು. ಖರ್ಚು 74,000 ಕಳೆದು ಕೊನೆಗೆ 3,50,000 ನನ್ನ ಖಾತೆಗೆ ಬಂತು. ಕೇಳದಿದ್ದರೆ ಬರುತ್ತಿತ್ತೋ ಇಲ್ಲವೋ.

ಎಲ್ಲರಿಗೂ ಹೀಗೆ ಉಳಿಯುವುದಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗಾರೆ ಕೆಲಸದವರ ಮನೆ ಬಾಕಿಗಿಂತ ಕಡಿಮೆಗೆ ಹೋಗಿತ್ತು. ಮನೆಯೂ ಇಲ್ಲ, ಉಳಿದ ಸಾಲಕ್ಕೆ ಮತ್ತೆ ನೋಟಿಸ್. ಕಾನೂನಿನಲ್ಲಿ ಅದಕ್ಕೂ ಅವಕಾಶ ಇದೆಯಂತೆ. ಅವರ ಕೈಯಲ್ಲಿದ್ದ ಆ ಕಾಗದ ಮಡಚಿ ಮಡಚಿ ಬಟ್ಟೆಯ ಹಾಗಾಗಿತ್ತು.

ಇನ್ನೊಂದು ಉಪಕಾರ ಮರೆಯಲಾರೆ. ಬೀಗ ಹಾಕುವ ದಿನ ಒಳಗಿದ್ದ ಸಾಮಾನಿನ ಪಂಚನಾಮೆ ಬರೆದಿದ್ದರು. ಅದರ ನಕಲು ತರಿಸಿ, "ಹೊಲಿಗೆ ಯಂತ್ರ 1, ತಾಮ್ರದ ಹಂಡೆ 1, ದೇವರ ಪಟ 4" ಅಂತ ಒಂದೊಂದಕ್ಕೂ ಗುರುತು ಹಾಕಿ ಬಿಡಿಸಿಕೊಟ್ಟರು. ಹಂಡೆ ನನ್ನ ಅವ್ವನದು. ಹೊಸ ವಿಳಾಸವನ್ನು ಸಾಲ ಕೊಟ್ಟವರಿಗೆ ಬರೆದು ತಿಳಿಸಿ ಅಂದಿದ್ದೂ ಅವರೇ. ರಿಜಿಸ್ಟರ್ ಪತ್ರಗಳೆಲ್ಲ ಇನ್ನೂ ಹಳೇ ಮನೆಗೇ ಹೋಗುತ್ತಿದ್ದವು.

ಕೊರತೆಯೂ ಇದೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಮಧ್ಯಾಹ್ನದವರೆಗೂ ಕಾಯಬೇಕು, ಕೂರಲು ಕುರ್ಚಿ ಸಾಲದು. ನಡುವೆ ಒಂದು ಸಲ ವಕೀಲೆ ರಜೆ ಹಾಕಿದಾಗ ಬದಲಿಗೆ ಬಂದವರಿಗೆ ಕಥೆಯೆಲ್ಲ ಮೊದಲಿಂದ ಹೇಳಬೇಕಾಯಿತು. ಸಿಬಿಲ್ ದಾಖಲೆ, ಅಂದರೆ ನಾವು ಸಾಲ ಹೇಗೆ ತೀರಿಸಿದ್ದೇವೆ ಅನ್ನುವ ದಾಖಲೆ, ಸರಿಪಡಿಸುವುದಕ್ಕೆ ಇಲ್ಲಿ ಯಾರೂ ಕೂತು ಅರ್ಜಿ ಹಾಕಿಕೊಡುವುದಿಲ್ಲ. ಸಾಲ ತೀರಿದ ಪತ್ರ ಹಿಡಿದು ನಾನೇ ಅಲೆಯುತ್ತಿದ್ದೇನೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮೊದಲ ನೋಟಿಸ್ ಬಂದ ದಿನವೇ ಹೋಗಿ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ನೆರವಿನ ಸಹಾಯವಾಣಿ. ಲಕೋಟೆಯನ್ನು ಮಾತ್ರ ಬೀರುವಿನಲ್ಲಿಡಬೇಡಿ.